ಉಪ್ಪು ಬಿಟ್ಟ ವರ್ಷ

ವಯಸ್ಸಾದವರನ್ನು ನೋಡುವ ಡಾಕ್ಟರ ಕೋಣೆಯ ಹೊರಗೆ ಇಟ್ಟಿರುವ ಕುರ್ಚಿಗಳಿಗೆಲ್ಲ ತೋಳುಗಳಿವೆ. ಏಳುವಾಗ ಕೈಯೂರಲು. ಬೇರೆ ಆಸ್ಪತ್ರೆಗಳಲ್ಲಿ ಒಂದಕ್ಕೊಂದು ಬೆಸೆದ ಸ್ಟೀಲ್ ಕುರ್ಚಿಗಳಿರುತ್ತವೆ. ಪಕ್ಕದವರು ಎದ್ದರೆ ನಾವೂ ಅಲುಗಾಡುತ್ತೇವೆ. ಯಾರೋ ಒಬ್ಬರು ನಮ್ಮ ಮೊಣಕಾಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕುರ್ಚಿ ತಂದಿದ್ದಾರಲ್ಲ ಎನ್ನುವುದೇ ಅಲ್ಲಿಗೆ ಹೋದಾಗಲೆಲ್ಲ ನನಗೆ ಸಿಗುವ ಮೊದಲ ಸಮಾಧಾನ. ಬಹಳ ಸಲ ಅದೇ ಕೊನೆಯದೂ ಹೌದು.

ಆ ಕುರ್ಚಿಯಲ್ಲಿ ಕೂತು ನಾನು ಕೇಳಿಕೊಳ್ಳುವುದು ಒಂದೇ ಮಾತು. ನನ್ನ ತಲೆಯಿಂದ ಹೋದದ್ದರಲ್ಲಿ ಎಷ್ಟು ತಿರುಗಿ ಬರುತ್ತದೆ? ಬಂದದ್ದು ಎಷ್ಟು ಕಾಲ ನಿಲ್ಲುತ್ತದೆ? ಇದನ್ನು ಬರೆಯಲು ಕೂತಿರುವುದೂ ಅದೇ ಹೆದರಿಕೆಯಿಂದ. ಈಗ ಬರೆಯಬಲ್ಲೆ; ಮುಂದಿನ ವರ್ಷದ ಮಾತು ಗೊತ್ತಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹಾಲು ಕಾಯಲಿಟ್ಟು, ಅದು ಉಕ್ಕಿ ಹರಿಯುವುದನ್ನು ನೋಡುತ್ತಲೇ ಸುಮ್ಮನೆ ನಿಂತಿದ್ದರೆ, ಅವರ ಒಳಗೆ ಏನು ನಡೆಯುತ್ತಿರಬಹುದೆಂದು ಹೇಳಲು ಅಲ್ಲಿಗೆ ಹೋಗಿ ಬಂದವಳೊಬ್ಬಳು ಇರಲಿ ಎಂದು.

ನನ್ನ ಹೆಸರು ಗಿರಿಜಾ. ತವರು ಕಂಪ್ಲಿ, ಅಪ್ಪನದು ಅಕ್ಕಿ ಗಿರಣಿ. ಓದಿದ್ದು ಹೊಸಪೇಟೆಯ ಕಾನ್ವೆಂಟಿನಲ್ಲಿ. ಮದುವೆಯಾಗಿ ಬಂದದ್ದೂ ಹೊಸಪೇಟೆಗೇ. ಯಜಮಾನರದು ಬೈಪಾಸ್ ಹತ್ತಿರ ಲಾರಿ ಬಿಡಿಭಾಗಗಳ ಅಂಗಡಿ, ಈಗ ಮಗ ಮಹೇಶ ನೋಡಿಕೊಳ್ಳುತ್ತಾನೆ. ಅದಿರು ಲಾರಿಗಳ ಕೆಂಪು ಧೂಳನ್ನು ಮೊದಲು ಗಂಡನ, ಆಮೇಲೆ ಮಗನ ಕಾಲರಿನಿಂದ ತಿಕ್ಕಿ ತೆಗೆದದ್ದೇ ನನ್ನ ಸಂಸಾರದ ಚರಿತ್ರೆ. ಸೊಸೆ ಸವಿತಾ ಸಂಡೂರಿನವಳು.

ಸವಿತಾಗೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಎರಡನೆಯ ಸಲ ಆಸ್ಪತ್ರೆಯಿಂದ ಬಂದವಳು ಏನೂ ಆಗದ ಹಾಗೆ ಒಣಗಿದ ಬಟ್ಟೆ ಮಡಿಚಲು ಕೂತಳು. ಒಂದೇ ಟವೆಲನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ, ಒಳಗೆ ಹೋಗುವ ಧೈರ್ಯವಾಗಲಿಲ್ಲ. ಮೂರನೆಯ ಸಲ ಬಸಿರೆಂದು ಗೊತ್ತಾದ ಮೇಲೆ, ಕಂಪ್ಲಿಯಿಂದ ಬಂದಿದ್ದ ನನ್ನ ಅಕ್ಕ ನೀಲಕ್ಕನನ್ನು ಕರೆದುಕೊಂಡು ಹಂಪಿಗೆ ಹೋದೆ. ವಿರೂಪಾಕ್ಷನ ಎದುರು ಕಣ್ಣು ಮುಚ್ಚಿ ಹರಕೆ ಹೊತ್ತೆ. ಕೂಸು ತೊಟ್ಟಿಲಿಗೆ ಬರುವವರೆಗೆ ನಾನು ಉಪ್ಪು ಮುಟ್ಟುವುದಿಲ್ಲ.

ನಮ್ಮಲ್ಲಿ ಹೆಂಗಸರು ಹೀಗೆ ಒಂದೊಂದನ್ನು ಬಿಡುವುದು ಹೊಸದಲ್ಲ. ಒಬ್ಬರು ಬೆಲ್ಲ ಬಿಡುತ್ತಾರೆ, ಒಬ್ಬರು ಚಪ್ಪಲಿ. ನಮ್ಮ ಅವ್ವ ಹಾಸಿಗೆ ಬಿಟ್ಟು ನೆಲದ ಮೇಲೆ ಮಲಗಿದ್ದಳು, ನನ್ನ ತಮ್ಮನಿಗೆ ಕಾಮಾಲೆಯಾದಾಗ. ಯಾರಿಗಾಗಿ ಬಿಟ್ಟೆವೆಂದು ಬಾಯಿ ಬಿಟ್ಟು ಹೇಳಬಾರದು, ಹೇಳಿದರೆ ಫಲ ಸೋರಿ ಹೋಗುತ್ತದೆ ಎನ್ನುವುದು ಅವಳ ಮಾತು. ಅದಕ್ಕೇ ನೀಲಕ್ಕನಿಗೂ ಹೇಳಲಿಲ್ಲ.

"ಏನ್ ಬೇಡಿಕೊಂಡಿ ಅಷ್ಟೊತ್ತು?" ಎಂದು ಗುಡಿಯಿಂದ ಹೊರಗೆ ಬರುವಾಗ ಅಕ್ಕ ಕೆಣಕಿದಳು. "ನಿನ್ನ ಪಟ್ಟಿ ಕೇಳಿ ಕೇಳಿ ದೇವ್ರಿಗೇ ಕಾಲು ನೋವು ಬಂದಿರ್ತೈತಿ."

ನಕ್ಕು ಚಪ್ಪಲಿ ಹುಡುಕತೊಡಗಿದೆ.

ಮನೆಯಲ್ಲಿ ಕೇಳಿದವರಿಗೆ ಬಿ.ಪಿ. ಸಲುವಾಗಿ ಎಂದೆ. ಉಪ್ಪು ಕಡಿಮೆ ಮಾಡಿರೆಂದು ಡಾಕ್ಟರು ಹೇಳುತ್ತಲೇ ಇದ್ದರು. ಯಜಮಾನರಿಗಂತೂ ಹೆಮ್ಮೆಯೋ ಹೆಮ್ಮೆ. ಅಂಗಡಿಗೆ ಬಂದವರಿಗೂ, "ನಮ್ಮ ಮನ್ಯಾಕಿ ಒಂದು ಹರಳು ಉಪ್ಪು ಮುಟ್ಟಂಗಿಲ್ಲ ನೋಡ್ರಿ. ಕಾನ್ವೆಂಟ್ ಶಿಸ್ತು!" ಎನ್ನುತ್ತಿದ್ದರು. ನನ್ನ ತಟ್ಟೆಗೆ ಸಪ್ಪೆ ಬೇಳೆ, ಸಪ್ಪೆ ಪಲ್ಯ, ಉಪ್ಪಿಲ್ಲದ ಮಜ್ಜಿಗೆ. ಮೊದಲ ವಾರ ಬಾಯಿ ಒಲ್ಲೆನೆಂದಿತು, ಆಮೇಲೆ ರೂಢಿಯಾಯಿತು. ಒಂದೊಂದು ಸಪ್ಪೆ ತುತ್ತು ನುಂಗಿದಾಗಲೂ ಸವಿತಾಳ ಹೊಟ್ಟೆಯೊಳಗೆ ಒಂದು ಕಲ್ಲು ಗಟ್ಟಿಯಾಗಿ ಕೂತು ಗೋಡೆ ಏಳುತ್ತಿದೆ ಎಂದುಕೊಳ್ಳುತ್ತಿದ್ದೆ.

ಬೇಸಿಗೆ ಬಂತು. ಹೊಸಪೇಟೆಯ ಬೇಸಿಗೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಕಾಲು ಬಾತವು. ಬಿ.ಪಿ. ಡಾಕ್ಟರು ಮೂತ್ರ ಹೋಗಿಸುವ ಗುಳಿಗೆ ಸೇರಿಸಿದರು. ಮೊಣಕಾಲಿಗೆ ಬೇರೆ ಡಾಕ್ಟರು ಕೊಟ್ಟ ಗುಳಿಗೆ ಮೊದಲೇ ಇತ್ತು. ನೀಲಕ್ಕ ಕಂಪ್ಲಿಯಿಂದ ಬಾರ್ಲಿ ಕಳಿಸಿ, ದಿನಾ ಚೆಂಬುಗಟ್ಟಲೆ ಅದರ ನೀರು ಕುಡಿ ಎಂದಳು. ಕುಡಿದೆ. ಎಲ್ಲರೂ ನನ್ನ ಒಳ್ಳೆಯದನ್ನೇ ನೋಡಿದರು, ನಾನೂ ಎಲ್ಲರ ಮಾತು ಕೇಳಿದೆ.

ಮೊದಲು ಹೋದದ್ದು ಸಣ್ಣ ಸಣ್ಣ ಹೆಸರುಗಳು. ಜೀರಿಗೆ ಡಬ್ಬಿ ಕೈಯಲ್ಲಿ ಹಿಡಿದು ಅದರ ಹೆಸರಿಗಾಗಿ ಹುಡುಕಾಡಿದೆ. ಆಮೇಲೆ ಹೂವಿನವಳು ಬಾಗಿಲಿಗೆ ಬಂದು, "ಅಮ್ಮಾರೇ, ಎಷ್ಟು ಮಳ?" ಎಂದಾಗ, ಮಳ ಎಂದರೆ ಏನೆಂದು ತಿಳಿಯದೆ ನಿಂತೆ. ಅವಳು ತನ್ನ ಮೊಣಕೈವರೆಗೆ ಹೂವು ಹಿಡಿದು ತೋರಿಸಿದಳು. ಆ ಕೈಯ ಮೇಲೆ ಒಂದು ಹಳೆಯ ಸುಟ್ಟ ಕಲೆ ಇತ್ತು, ಅದು ಮಾತ್ರ ಚೆನ್ನಾಗಿ ನೆನಪಿದೆ.

ಇದು ಯಾರಿಗೂ ಬೇಗ ಗೊತ್ತಾಗಲಿಲ್ಲ. ಕಾರಣ ಕಾನ್ವೆಂಟೇ ಇರಬೇಕು. ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್, ಉತ್ತರ ಗೊತ್ತಿಲ್ಲದಿದ್ದರೆ ನೆಟ್ಟಗೆ ನಿಂತು ಮುಗುಳ್ನಕ್ಕು 'ಐ ಬೆಗ್ ಯುವರ್ ಪಾರ್ಡನ್' ಎನ್ನಬೇಕು ಎಂದು ಕಲಿಸಿದ್ದರು. ಹಾಗೆ ನಗುತ್ತ, ತಲೆಯಾಡಿಸುತ್ತ, "ಹೌದ್ರಿ, ಹೌದ್ರಿ" ಎನ್ನುತ್ತ ನಾನು ವಾರಗಳನ್ನು ದಾಟಿಸಿದೆ. ಎದುರಿನವರು ಹೇಳಿದ್ದರ ಕೊನೆಯ ಎರಡು ಶಬ್ದಗಳನ್ನೇ ತಿರುಗಿ ಹೇಳಿದರೆ ಸಾಕು, ಜನ ತೃಪ್ತಿಯಿಂದ ಹೋಗುತ್ತಾರೆ. ಒಳಗೆ ಮಾತ್ರ ಒಂದು ಕೈ ಗೋಡೆ ತಡಕಾಡುತ್ತಲೇ ಇತ್ತು.

ಬಚ್ಚಲಲ್ಲಿ ಬಿದ್ದೆ. ಅದೇ ವಾರ ಚಹಾಕ್ಕೆ ಸಕ್ಕರೆಯ ಬದಲು ರವೆ ಹಾಕಿದೆ. ಯಜಮಾನರು ಒಂದು ಗುಟುಕು ಕುಡಿದು ಜೋರಾಗಿ ನಕ್ಕರು.

"ಅರವತ್ತಕ್ಕೆ ಅರಳು ಮರಳು ಅಂತಾರಲ್ಲ ಗಿರಿಜಾ, ನಿನಗ ಆರು ವರ್ಷ ತಡ ಆಗಿ ಬಂತು ನೋಡು."

ನಾನೂ ನಕ್ಕೆ. ಒಂದು ತಿಂಗಳಲ್ಲಿ ಅವರು ನಗುವುದನ್ನು ಬಿಟ್ಟರು. ತರಕಾರಿ ತಂದು, ಆಟೋದಿಂದ ಇಳಿದು ನಮ್ಮದೇ ಗೇಟಿನ ಮುಂದೆ ನಾನು ಚೀಲ ಹಿಡಿದು ನಿಂತಿದ್ದೆ; ಯಾರ ಮನೆಯೆಂದು ತಿಳಿಯದೆ, ಕೇಳಲು ನಾಚಿಕೆಯಾಗಿ. ಬಿಸಿಲಿಗೆ ಮೆಂತ್ಯದ ಸೊಪ್ಪು ಬಾಡುವವರೆಗೆ ನಿಂತಿದ್ದೆನಂತೆ. ಒಳಗಿನಿಂದ ಬಂದ ಯಜಮಾನರು ಚೀಲ ತೆಗೆದುಕೊಂಡರು. ಅವರ ಕೆಳತುಟಿ ನಡುಗುತ್ತಿತ್ತು. ಆ ತುಟಿಯನ್ನು ನೋಡಿಯೇ ನನಗೆ ಗೊತ್ತಾಯಿತು, ನನಗೇನೋ ಆಗಿದೆ ಎಂದು.

ಊರಿನ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಟೋಕನ್ ಕೂಗುವ ಹುಡುಗಿ ಪ್ರತಿ ಹೆಸರಿಗೂ 'ಪೇಷೆಂಟ್ ಯಾರು?' ಎಂದು ಕೇಳುತ್ತಿದ್ದಳು. ನಮ್ಮ ಸರದಿ ಬಂದಾಗ ಯಜಮಾನರು, ಮಹೇಶ ಇಬ್ಬರೂ ಒಟ್ಟಿಗೆ ನನ್ನ ಕಡೆ ಬೆರಳು ಮಾಡಿದರು. ತಲೆಯ ಸ್ಕ್ಯಾನ್ ಆಯಿತು. ಡಾಕ್ಟರು ನನ್ನನ್ನು ಏನೂ ಕೇಳಲಿಲ್ಲ, ಫಿಲ್ಮನ್ನು ಬೆಳಕಿಗೆ ಹಿಡಿದು ನನ್ನ ತಲೆಯ ಮೇಲಿಂದ ಯಜಮಾನರೊಂದಿಗೇ ಮಾತಾಡಿದರು.

"ಮೆದುಳು ಸ್ವಲ್ಪ ಕುಗ್ಗೈತಿ. ವಯಸ್ಸಾತಲ್ರಿ. ಮರೆವಿನ ಕಾಯಿಲೆ. ಇದು ಹಿಂಗ ಹೋಗ್ತೈತಿ, ತಿರುಗಿ ಬರಂಗಿಲ್ಲ. ಚಲೋ ನೋಡ್ಕೊಳ್ರಿ." ರಾತ್ರಿ ಗಲಿಬಿಲಿ ಮಾಡದಿರಲೆಂದು ನಿದ್ದೆಯ ಗುಳಿಗೆ ಬರೆದರು.

ಮನೆಗೆ ಬರುವ ದಾರಿಯಲ್ಲಿ ಯಜಮಾನರು ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು ಕೈ ಹಿಡಿದರು. ಮಗನೆದುರು ಅವರು ಎಂದೂ ಕೈ ಹಿಡಿದವರಲ್ಲ. ಅದರಿಂದಲೇ ಹೆದರಿಕೆ ಹೆಚ್ಚಾಯಿತು.

ಆ ಗುಳಿಗೆ ನುಂಗತೊಡಗಿದ ಮೇಲೆ ಹಗಲೂ ಮಂಜಾಯಿತು. ಒಂದು ಮಧ್ಯಾಹ್ನ ಕಣ್ಣು ಮುಚ್ಚಿಕೊಂಡು ಮಲಗಿದ್ದೆ. ಅಡುಗೆಮನೆಯಲ್ಲಿ ನೀಲಕ್ಕನ ದನಿ.

"ನಾಳೆ ಬಾಣಂತಿ ಒಂದು ಕಡೆ, ಇಕಿ ಒಂದು ಕಡೆ. ಇಕಿ ಕೈಯಾಗ ಕೂಸು ಕೊಡೋದು ಹೆಂಗಪ್ಪಾ ಮಹೇಶ? ಬಕೆಟ್ ಅಂತ ತಿಳ್ಕೊಂಡು ಎಲ್ಲಿ ಇಟ್ಟು ಬರ್ತಾಳೋ."

ನನ್ನ ಮಗ ಸುಮ್ಮನಿದ್ದ.

ಅಕ್ಕನ ಮೇಲೆ ಸಿಟ್ಟು ಬರಲಿಲ್ಲ. ಅವಳು ಹೇಳಿದ್ದು ಸರಿಯೇ ಇತ್ತು. ಯಾವ ಕೂಸಿಗಾಗಿ ಉಪ್ಪು ಬಿಟ್ಟಿದ್ದೆನೋ ಆ ಕೂಸನ್ನು ನನ್ನ ಕೈಗೆ ಕೊಡುವಂತಿಲ್ಲ. ಗೋಡೆಯ ಕಡೆ ತಿರುಗಿ, ಹುಡುಗಿಯಾಗಿದ್ದಾಗ ಕಲಿತ ಇಂಗ್ಲಿಷ್ ಪ್ರಾರ್ಥನೆ ಹೇಳಲು ನೋಡಿದೆ. ಎರಡನೆಯ ಸಾಲಿನ ಮುಂದೆ ಏನೂ ಇರಲಿಲ್ಲ. ಶಿವನನ್ನು ಕರೆದೆ. ಆ ಹೆಸರಾದರೂ ಉಳಿದಿತ್ತು.

ಮುಂದಿನದನ್ನು ನಾನು ಅರ್ಧ ಕಂಡದ್ದು, ಅರ್ಧ ಕೇಳಿದ್ದು. ಒಂದು ಬೆಳಿಗ್ಗೆ ಎಬ್ಬಿಸಿದರೆ ನಾನು ಏಳಲಿಲ್ಲ. ಬೇರೊಂದು ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ವಯಸ್ಸಾದವರನ್ನೇ ನೋಡುವ ಒಬ್ಬ ಡಾಕ್ಟರಮ್ಮ ಇದ್ದಳು, ಕುರೆಕುಪ್ಪದ ಕಡೆಯ ಹುಡುಗಿ, ಮಗಳಾಗುವ ವಯಸ್ಸಿನವಳು. ಅವಳು ಸ್ಕ್ಯಾನ್ ನೋಡುವ ಮೊದಲು, "ಅಜ್ಜಿ ಮನ್ಯಾಗ ನುಂಗೋ ಗುಳಿಗಿ ಎಲ್ಲಾ ತರ್ರಿ. ಒಂದೂ ಬಿಡಬ್ಯಾಡ್ರಿ" ಎಂದಳಂತೆ. ಮಹೇಶ ನನ್ನ ಮೈಸೂರು ಪಾಕಿನ ಹಳೆಯ ಡಬ್ಬಿಯನ್ನೇ ತಂದು ಮೇಜಿನ ಮೇಲೆ ಸುರಿದ. ಅವಳು ಒಂದೊಂದನ್ನೇ ತಿರುಗಿಸಿ ನೋಡಿ ಎರಡು ಗುಂಪು ಮಾಡಿದಳು.

"ಊಟಕ್ಕ ಉಪ್ಪು ಹೆಂಗ?"

"ಮೇಡಂ, ಆ ವಿಷಯದಾಗ ನೀವು ಏನೂ ಹೇಳಂಗಿಲ್ಲ" ಎಂದರಂತೆ ಯಜಮಾನರು, ಎದೆಯುಬ್ಬಿಸಿ. "ಐದಾರು ತಿಂಗಳಾತು, ಒಂದು ಹರಳು ಮುಟ್ಟಿಲ್ಲ."

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿ ಅವರ ಮುಖ ನೋಡಿದಳು. ಬಯ್ಯಲಿಲ್ಲ. ರಕ್ತದಲ್ಲಿ ಉಪ್ಪು ಬಹಳ ಕೆಳಗೆ ಇಳಿದಿದೆ, ಮೂತ್ರದ ಗುಳಿಗೆ, ಸಪ್ಪೆ ಊಟ, ಅಷ್ಟೊಂದು ನೀರು ಎಲ್ಲ ಸೇರಿ ಹೀಗಾಗಿದೆ, ತಲೆ ಮಂಜಾಗಿರುವುದಕ್ಕೆ ಅದು ದೊಡ್ಡ ಕಾರಣವಿರಬಹುದು ಎಂದಳು. "ಪೂರಾ ಅದೇ ಅಂತ ಹೇಳಂಗಿಲ್ಲ. ಮೊದ್ಲು ಇದನ್ನ ಸರಿ ಮಾಡೋಣ. ಅವಸರ ಮಾಡಂಗಿಲ್ಲ, ಗಡಬಡಿಸಿ ಏರಿಸಿದ್ರ ಮೆದುಳಿಗೆ ಪೆಟ್ಟು." ಯಜಮಾನರು ಗೋಡೆಗೆ ಒರಗಿ ಕೂತುಬಿಟ್ಟರಂತೆ, ನೆಲದ ಮೇಲೆ. ಅಂಗಡಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದ ಮಾತು ಅವರ ಎದೆಯ ಮೇಲೆ ಕೂತಿರಬೇಕು.

ನಾನು ಒಳಗೆ ಎಲ್ಲಿದ್ದೆ ಎಂದರೆ ಅಪ್ಪನ ಗಿರಣಿಯಲ್ಲಿ. ಮೇಲಿನಿಂದ ಹೊಟ್ಟು ಉದುರುತ್ತಿತ್ತು. ಫ್ಯಾನಿನ ರೆಕ್ಕೆಗಳಿಂದ, ಪರದೆಯ ಉಂಗುರಗಳಿಂದ, ಎಲ್ಲ ಕಡೆಯಿಂದ ಭತ್ತದ ಹೊಟ್ಟು ಬಾಯಿಗೆ ಬೀಳುತ್ತಿತ್ತು. ಉಗುಳುತ್ತಿದ್ದೆ. ಬಿಳಿ ಬಟ್ಟೆಯವಳೊಬ್ಬಳು ಬಂದು ಕೈಗೆ ಸೂಜಿ ಚುಚ್ಚಿ, ಸಮಾಧಾನ ಮಾಡಲೆಂದು ಪ್ರೀತಿಯಿಂದಲೇ ಹೇಳಿದಳು.

"ಅಂಜಬ್ಯಾಡಜ್ಜಿ, ಏನಿಲ್ಲ. ಉಪ್ಪು ನೀರು ಅಷ್ಟ."

ನಾನು ಸೂಜಿ ಕಿತ್ತೆಸೆದೆ.

ಮತ್ತೆ ಹಾಕಿದರು. ಮತ್ತೆ ಕಿತ್ತೆ. ನರ್ಸಿನ ಬಿಳಿ ಕೋಟಿನ ಮೇಲೆ ನನ್ನ ರಕ್ತ ಹಾರಿತು. ಅಷ್ಟು ಮೆತ್ತಗಿನ ಹೆಂಗಸಿಗೆ ಇಷ್ಟು ಶಕ್ತಿ ಎಲ್ಲಿಂದ ಬಂತು ಎಂದು ಎಲ್ಲರೂ ಬೆರಗಾದರಂತೆ. ಕೊನೆಗೆ ಯಜಮಾನರನ್ನು ಕೇಳಿ, ಅವರು ತಲೆಯಾಡಿಸಿದ ಮೇಲೆ, ಬ್ಯಾಂಡೇಜ್ ಬಟ್ಟೆಯಿಂದ ನನ್ನ ಎರಡೂ ಕೈಗಳನ್ನು ಮಂಚದ ಸರಳಿಗೆ ಕಟ್ಟಿದರು. ಇದೊಂದು ನನಗೆ ಸ್ಪಷ್ಟವಾಗಿ ನೆನಪಿದೆ. ಗಂಟು ಎಡಗೈಯ ಹಸಿರು ಬಳೆಯ ಮೇಲೆ ಬಿದ್ದಿತ್ತು. ಬಳೆ ಸರಳಿಗೆ ತಾಗಿ ಟಣ್ ಎನ್ನುತ್ತಿತ್ತು. ಆಚೆಯ ಮಂಚದ ಮುದುಕಿ ಆ ಸದ್ದಿಗೆ ಪ್ರತಿ ಸಲವೂ "ಯಾರದು, ಒಳಗ ಬರ್ರಿ" ಎನ್ನುತ್ತಿದ್ದಳು. ನಾನು ಯಜಮಾನರನ್ನು ಹೆಸರು ಹಿಡಿದು ಕರೆದೆ. ಮದುವೆಯಾದ ಮೇಲೆ ಒಂದು ಸಲವೂ ಕರೆದಿರಲಿಲ್ಲ. ಅವರು ಕಿಟಕಿಯ ಕಡೆ ತಿರುಗಿ ನಿಂತರು.

ಬಸಿರಿ ಆಸ್ಪತ್ರೆಗೆ ಬರುವುದು ಬೇಡವೆಂದು ಸವಿತಾಳನ್ನು ಮನೆಯಲ್ಲೇ ಬಿಟ್ಟಿದ್ದರು. ಮರುದಿನ ಮಧ್ಯಾಹ್ನ ಅವಳು ಯಾರನ್ನೂ ಕೇಳದೆ ಆಟೋ ಮಾಡಿಕೊಂಡು ಬಂದಳು. ಮಾವನನ್ನು ಚಹಾಕ್ಕೆ ಕಳಿಸಿ, ನನ್ನ ಪಕ್ಕ ಕೂತಳು. ಏಳು ತಿಂಗಳ ಹೊಟ್ಟೆ. ಟಿಫಿನ್ ಕ್ಯಾರಿಯರ್ ಇಡಲು ಜಾಗವಿಲ್ಲದೆ ಕಾಲಿನ ಸಂದಿಯಲ್ಲಿಟ್ಟುಕೊಂಡಳು.

"ಯಾಕತ್ತಿ ಸೂಜಿ ಕಿತ್ತೀರಿ? ನೋವಾತೇನು?"

"ಉಪ್ಪ ಬ್ಯಾಡ."

"ಮನ್ಯಾಗೂ ಬ್ಯಾಡ ಅಂತೀರಿ, ಇಲ್ಲಿ ಸಾಯಾಕ ಬಿದ್ದರೂ ಬ್ಯಾಡ ಅಂತೀರಿ" ಎಂದಳು. ಆಮೇಲೆ ನಿಧಾನವಾಗಿ, "ಇದು ಬಿ.ಪಿ. ಸಲುವಾಗಿ ಅಲ್ಲ. ಹೌದಲ್ರಿ? ಯಾರ ಸಲುವಾಗಿ ಬಿಟ್ಟೀರತ್ತಿ?"

ನಾನು ಬಾಯಿ ಬಿಗಿಹಿಡಿದೆ. ಏನೆಲ್ಲ ಮರೆತಿದ್ದೆ, ನನ್ನ ಮನೆಯ ಗೇಟನ್ನೇ ಮರೆತಿದ್ದೆ. ಹೇಳಬಾರದು ಎನ್ನುವುದನ್ನು ಮಾತ್ರ ಮರೆತಿರಲಿಲ್ಲ. ಸವಿತಾ ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಬಲಗೈಯ ಗಂಟು ಬಿಚ್ಚಿದಳು. ಬಿಡುಗಡೆಯಾದ ಕೈ ಸೂಜಿಯ ಕಡೆ ಹೋಗಲಿಲ್ಲ. ತಾನಾಗಿ ಹೋಗಿ ಅವಳ ಹೊಟ್ಟೆಯ ಮೇಲೆ ಕೂತಿತು.

ಕೈಯಡಿಯಲ್ಲಿ ಕೂಸು ಒಮ್ಮೆ ಮಗ್ಗಲು ಬದಲಿಸಿತು.

"ನನ್ನನ್ನ ಒಂದು ಮಾತು ಕೇಳಬೇಕಿತ್ತಿಲ್ಲ?" ಎಂದಳು. ಅಳು ಅಲ್ಲ, ಸಿಟ್ಟು. "ನನ್ನ ಕೂಸಿಗೆ ಅಜ್ಜಿ ಬ್ಯಾಡೇನು? ನಿಮ್ಮನ್ನ ಕೊಟ್ಟು ಕೂಸು ತಗೊಳ್ಳಾಕ ನಾ ಯಾವಾಗ ಒಪ್ಪಿದ್ದೆ?"

ಕ್ಯಾರಿಯರ್ ತೆಗೆದು, ಮಾವನಿಗೆಂದು ತಂದಿದ್ದ ಮಜ್ಜಿಗೆಯನ್ನು ಲೋಟಕ್ಕೆ ಬಗ್ಗಿಸಿದಳು. ಚಮಚ ನನ್ನ ತುಟಿಯ ಹತ್ತಿರ ತಂದಳು. "ಇದನ್ನ ನಾ ಕೊಡಾಕತ್ತಿಲ್ಲ. ಒಳಗಿರೋ ಕೂಸು ಕೊಡಾಕತ್ತೈತಿ. ಅದಕ್ಕ ಬ್ಯಾಡ ಅನ್ರಿ ನೋಡೋಣ."

ಮಜ್ಜಿಗೆ ನನ್ನ ಗದ್ದದ ಮೇಲೆ ಚೆಲ್ಲಿತು. ಆಗ ನನಗೆ ತಿಳಿಯಿತು, ಅವಳಿಗೂ ಹೆದರಿಕೆ. ಎರಡು ಸಲ ಕಳೆದುಕೊಂಡವಳು. ದೇವರ ಎದುರು ಕಟ್ಟಿದ್ದನ್ನು ತನ್ನ ಕೈಯಿಂದಲೇ ಬಿಚ್ಚುತ್ತಿದ್ದಾಳೆ, ತನ್ನ ಹೊಟ್ಟೆಯನ್ನೇ ಪಣಕ್ಕಿಟ್ಟು. ಹಾಗಿದ್ದೂ ಚಮಚ ಹಿಂದಕ್ಕೆ ಹೋಗಲಿಲ್ಲ. ನಾನು ಬಾಯಿ ತೆರೆದೆ. ಐದಾರು ತಿಂಗಳ ಮೇಲೆ ನಾಲಗೆಗೆ ಉಪ್ಪು ತಾಗಿತು. ಸುಟ್ಟಂತಾಯಿತು.

ಆಮೇಲೆ ಸೂಜಿ ಕೀಳಲಿಲ್ಲ. ಬೇಡದ ಗುಳಿಗೆಗಳು ನಿಂತವು, ನೀರು ಅಳತೆಯ ಮೇಲೆ ಬಂತು. ಹೊಟ್ಟು ಉದುರುವುದು ನಿಂತು ಫ್ಯಾನು ಫ್ಯಾನಾಯಿತು. ಯಜಮಾನರ ಹೆಸರು ಬಂತು, ಕರೆಯಬಾರದೆಂಬ ಸಂಕೋಚವೂ ಅದರ ಬೆನ್ನಿಗೇ ಬಂತು. ಅದಕ್ಕೆ ಅವರು ನಕ್ಕರು, ತಿಂಗಳುಗಳ ಮೇಲೆ. ನೀಲಕ್ಕ ಬಾರ್ಲಿಯ ಪೊಟ್ಟಣವನ್ನು ತಾನೇ ಎತ್ತಿಕೊಂಡು ಹೋಗಿ, "ಇದನ್ನ ನಮ್ಮ ಎಮ್ಮಿಗೆ ಹಾಕ್ತೀನಿ, ಅದಕ್ಕರ ಬುದ್ಧಿ ಇಲ್ಲ" ಎಂದು ಕಣ್ಣೊರೆಸಿಕೊಂಡಳು. ಮಹೇಶ ಮಾತ್ರ ನನ್ನ ಕಣ್ಣು ತಪ್ಪಿಸಿ ಓಡಾಡಿದ. ಅವತ್ತು ಸುಮ್ಮನಿದ್ದದ್ದು ನನಗೆ ಕೇಳಿಸಿತ್ತೆಂದು ಅವನಿಗೆ ಹೇಗೋ ತಿಳಿದಿತ್ತು.

ಹೆರಿಗೆಯವರೆಗಿನ ದಿನಗಳನ್ನು ನಾನು ಮತ್ತು ಸವಿತಾ ಹೇಗೆ ಕಳೆದೆವೆಂದು ಬರೆಯಲಾರೆ. ಅವಳು ಬಚ್ಚಲಿಗೆ ಹೋದರೆ ನಾನು ಬಾಗಿಲ ಹೊರಗೆ ನಿಲ್ಲುತ್ತಿದ್ದೆ. ಉಪ್ಪಿನ ಪ್ರತಿ ತುತ್ತನ್ನೂ ಬಾಯಲ್ಲೇ ಇಟ್ಟುಕೊಳ್ಳುತ್ತಿದ್ದೆ. ಅವಳು ಎದುರು ಕೂತು, ನುಂಗುವವರೆಗೂ ನೋಡುತ್ತಿದ್ದಳು. ಕೂಸು ಹುಟ್ಟಿತು. ಹೆಣ್ಣು. ಕಪ್ಪು ಕೂದಲು, ಎಡಕಿವಿಯ ಮೇಲೆ ಹುರುಳಿಕಾಳಿನಷ್ಟು ಮಚ್ಚೆ. ನರ್ಸು ಹೊರಗೆ ತಂದಾಗ ಮಹೇಶ ಅದನ್ನು ತೆಗೆದುಕೊಂಡು, ತಾನು ಸರಿಯಾಗಿ ನೋಡುವ ಮೊದಲೇ, ನೇರ ನನ್ನ ಕೈಯಲ್ಲಿಟ್ಟ.

ಕತೆ ಇಲ್ಲಿಗೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು.

ಉಪ್ಪು ಸರಿಹೋದ ಮೇಲೆ, ಒಳ್ಳೆಯ ನಿದ್ದೆ, ಊಟ ಎಲ್ಲ ಬಂದ ಮೇಲೆ, ಡಾಕ್ಟರಮ್ಮ ನನ್ನನ್ನು ಮತ್ತೆ ಪರೀಕ್ಷೆ ಮಾಡಿದಳು. ಆಸ್ಪತ್ರೆಯವರು ವಯಸ್ಸಾದವರ ಮೇಲೆ ಒಂದು ಅಧ್ಯಯನವನ್ನೂ ನಡೆಸುತ್ತಾರೆ. ನಮ್ಮಂಥವರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಕರೆದು, ಯಾವುದು ಗುಳಿಗೆಯಿಂದ ಕೆಟ್ಟದ್ದು, ಯಾವುದು ವಯಸ್ಸಿನಿಂದ ಬಂದದ್ದು, ಯಾವುದು ನಿಜವಾದ ರೋಗ ಎಂದು ಬೇರೆ ಮಾಡುವುದು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಬೆಳ್ಳಗಿನ ಕಲ್ಲೇ ಕಷ್ಟ, ಗಿರಣಿಯ ಮಗಳಿಗೆ ಅದು ಗೊತ್ತು. ನಾನು ಅದಕ್ಕೆ ಸೇರಿದೆ. ಅನುಷಾ ಎಂಬ ಹುಡುಗಿ ಬರುತ್ತಾಳೆ, ಕೂದಲಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು. ಕುರ್ಚಿಯಿಂದ ಎದ್ದು ನಡೆದು ಬರ್ರಿ ಎನ್ನುತ್ತಾಳೆ. ಕೈಯಿಂದ ಹಿಚುಕಲು ಏನೋ ಕೊಡುತ್ತಾಳೆ. ನೂರರಿಂದ ಏಳೇಳು ಕಳೆಯಲು ಹೇಳಿದಾಗ ನಾನು ಇಂಗ್ಲಿಷಿನಲ್ಲಿ ಕಳೆದೆ. ಲೆಕ್ಕ ಕಲಿತದ್ದು ಆ ಭಾಷೆಯಲ್ಲಿ, ಅದು ಇನ್ನೂ ಅಲ್ಲೇ ಕೂತಿದೆ. "ಸೂಪರ್ ಅಜ್ಜಿ!" ಎಂದಳು.

ಆಮೇಲೆ ಗಡಿಯಾರ ಬರೆಯಲು ಹೇಳಿದಳು. ಕಾನ್ವೆಂಟಿನ ಹಜಾರದಲ್ಲಿದ್ದ ಗಡಿಯಾರವನ್ನೇ ಬರೆದೆ, ಒಂದೊಂದು ರೋಮನ್ ಅಂಕಿಯನ್ನೂ ಅಂದವಾಗಿ. "ಈಗ ಇದರಾಗ ಹನ್ನೊಂದು ಹೊಡೆದು ಹತ್ತು ನಿಮಿಷ ತೋರಿಸ್ರಿ." ಪೆನ್ಸಿಲ್ ಹಿಡಿದು ಕೂತೆ. ಮುಳ್ಳುಗಳನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ನೆನಪಿಟ್ಟುಕೊಳ್ಳಿರೆಂದು ಮೊದಲಿಗೆ ಹೇಳಿದ್ದ ಶಬ್ದಗಳನ್ನು ಕೇಳಿದಳು, ಒಂದೂ ಬರಲಿಲ್ಲ. ಶಬ್ದಗಳನ್ನು ಹೇಳಿದ್ದಳೆಂಬುದೇ ನೆನಪಿರಲಿಲ್ಲ. ಮುಗುಳ್ನಕ್ಕೆ. ಅವಳೂ ನಕ್ಕಳು, ಆದರೆ ಪೆನ್ಸಿಲನ್ನು ಕೂದಲಿಗೆ ಸಿಕ್ಕಿಸುವಾಗ ಎರಡು ಸಲ ತಪ್ಪಿದಳು.

"ಹೆಂಗಾತವ್ವ?"

"ಅದನ್ನ ನಾ ಹೇಳಂಗಿಲ್ಲಜ್ಜಿ. ಮೇಡಂ ಹೇಳ್ತಾರ."

ಮೇಡಂ ಹೇಳಿದಳು, ಈ ಸಲ ನನ್ನ ಕಣ್ಣನ್ನೇ ನೋಡಿ, ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು. ಉಪ್ಪಿನಿಂದ ಬಂದ ಮಂಜು ಹೋಗಿದೆ. ಅದರ ಕೆಳಗೆ ಇನ್ನೊಂದಿದೆ. ಮೊದಲ ಡಾಕ್ಟರು ಹೇಳಿದ್ದು ಪೂರಾ ಸುಳ್ಳಲ್ಲ, ಅವಸರದ ಮಾತು ಅಷ್ಟೆ. ಈಗಿನ್ನೂ ಶುರು, ನಿಧಾನವಾಗಿ ಹೋಗಬಹುದು. ಎಷ್ಟು ನಿಧಾನ ಎಂದು ಯಾರಿಗೂ ಗೊತ್ತಿಲ್ಲ.

ಬೇಸಿಗೆಯಲ್ಲಿ ನಮ್ಮೂರ ಡ್ಯಾಮಿನ ನೀರು ಇಳಿದಾಗ ಹಿನ್ನೀರಿನ ಕಡೆ ಹೋಗಿ ನೋಡಿ. ನೀರಿದ್ದಾಗ ಎಲ್ಲ ಸಪಾಟು. ಇಳಿದ ಮೇಲೆ, ಅಲ್ಲೇ ಇದ್ದ ಬಂಡೆ ಕಾಣುತ್ತದೆ.

ಯಜಮಾನರು ಮತ್ತೆ ಮತ್ತೆ ಕೇಳಿದರು, "ಮೇಡಂ, ಆವಾಗ ಜಲ್ದಿ ಬಂದಿದ್ರ?" ಅವಳು ಇಲ್ಲ ಎಂದು ತಲೆಯಾಡಿಸಿದಳು. ನಾನು ಬೇರೆ ಏನನ್ನೋ ಕೇಳಿದೆ, ಇಷ್ಟು ಓದಿದವಳನ್ನು ಕೇಳಬಾರದ್ದು. "ಹರಕೆ ಮುರಿದದ್ದಕ್ಕ ಕೂಸನ್ನ ಬಿಟ್ಟು ನನ್ನ ತಲಿ ತಗೊಂಡನೇನವ್ವ?"

"ಇಲ್ರಿ ಅಜ್ಜಿ. ದೇವ್ರು ಹಂಗ ವ್ಯಾಪಾರ ಮಾಡಂಗಿಲ್ಲ."

ಅವಳಿಗೆ ಹೇಗೆ ಗೊತ್ತು? ಒಂದೊಂದು ದಿನ, ಹಾಗೇ ಆಗಿರಲಿ ಎಂದುಕೊಳ್ಳುತ್ತೇನೆ. ಯಾವುದಕ್ಕೋ ಬದಲಾಗಿ ಹೋಯಿತೆಂದರೆ ತಡೆದುಕೊಳ್ಳಬಹುದು. ಸುಮ್ಮನೆ ಹೋಗುತ್ತಿದೆ ಎನ್ನುವುದನ್ನು ತಡೆದುಕೊಳ್ಳಲಾಗುವುದಿಲ್ಲ. ಕೂಸಿನ ಮಚ್ಚೆಯನ್ನು ದಿನಾ ಬೆಳಿಗ್ಗೆ ಬೆರಳಿಂದ ಮುಟ್ಟಿ, ಎಡಕಿವಿ, ಎಡಕಿವಿ ಎಂದು ಹೇಳಿಕೊಳ್ಳುತ್ತೇನೆ. ಅದೊಂದು ಕೊನೆಗೆ ಹೋಗಲಿ.

ಕಳೆದ ಭಾನುವಾರ ಸಾರು ಮಾಡಿದ್ದೆ. ಅಡುಗೆಯನ್ನು ನನ್ನಿಂದ ಕಿತ್ತುಕೊಳ್ಳಬೇಡಿ ಎಂದು ಸವಿತಾಗೆ ಹೇಳಿದ್ದೇನೆ, ಅವಳೂ ಒಪ್ಪಿದ್ದಾಳೆ. ನೀಲಕ್ಕನೂ ಬಂದಿದ್ದಳು. ಎಲ್ಲರೂ ಉಂಡರು. "ಸಾರು ಮಸ್ತ್ ಆಗೇತಿ ಗಿರಿಜಾ" ಎಂದರು ಯಜಮಾನರು. ನೀಲಕ್ಕ, ಯಾವತ್ತೂ ಏನಾದರೊಂದು ಕೊಂಕು ತೆಗೆಯುವವಳು, ಬಾಯಿ ಬಿಡಲಿಲ್ಲ. ನಾನು ಕೊನೆಗೆ ಉಣ್ಣಲು ಕೂತಾಗ ಲೋಟಗಳು ಕಣ್ಣಿಗೆ ಬಿದ್ದವು. ಎಲ್ಲರ ಲೋಟವೂ ತಳದವರೆಗೆ ಖಾಲಿ. ನೀರಿನ ತಂಬಿಗೆಯೂ ಖಾಲಿ. ಮೊದಲ ತುತ್ತು ಬಾಯಿಗಿಟ್ಟೆ. ಉಪ್ಪನ್ನು ಎರಡು ಸಲ ಹಾಕಿದ್ದೆ, ಮೂರು ಸಲವೂ ಇರಬಹುದು. ತಲೆಯೆತ್ತಿದರೆ ಸವಿತಾ ಬಾಗಿಲಲ್ಲಿ ಕೂಸನ್ನು ಹಿಡಿದು ನಿಂತಿದ್ದಳು, ನಾನು ಟವೆಲಿನ ದಿನ ನಿಂತಿದ್ದ ಹಾಗೆ. ಆದರೆ ಅವಳು ಒಳಗೆ ಬಂದಳು. ನನ್ನ ತಟ್ಟೆ ಸರಿಸಿ, ಮೊಸರನ್ನ ಕಲಸಿ ಕೊಟ್ಟಳು.

ಮರುದಿನದಿಂದ ಒಲೆಯ ಪಕ್ಕದಲ್ಲಿ ಒಂದು ಪುಟ್ಟ ಸ್ಟೀಲ್ ಬಟ್ಟಲು ಇರುತ್ತದೆ. ಕುಂಕುಮದ ಬಟ್ಟಲಿನಷ್ಟು. ಸವಿತಾ ಬೆಳಿಗ್ಗೆ ಅಂದಿನ ಅಡುಗೆಗೆ ಬೇಕಾದಷ್ಟೇ ಉಪ್ಪನ್ನು ಅದರಲ್ಲಿ ಹಾಕಿ, ಉಪ್ಪಿನ ಭರಣಿಯನ್ನು ಒಳಗಿಡುತ್ತಾಳೆ.

ಇವತ್ತು ಸಾರು ಕುದಿಯುತ್ತಿತ್ತು. ಉಪ್ಪು ಹಾಕಿದೆನೋ ಇಲ್ಲವೋ ಎಂದು ನಿಂತು ಯೋಚಿಸಿದೆ. ಹಾಕಿದ ಕೈ ನೆನಪಾಗಲಿಲ್ಲ, ಹಾಕದ ಕೈಯೂ ನೆನಪಾಗಲಿಲ್ಲ. ಬಟ್ಟಲನ್ನು ನೋಡಿದೆ. ಖಾಲಿ ಇತ್ತು. ತಳದಲ್ಲಿ ಒಂದೆರಡು ಹರಳು ಅಂಟಿಕೊಂಡಿದ್ದವು.

ಬಟ್ಟಲನ್ನು ನಂಬಿ, ಒಲೆ ಆರಿಸಿದೆ.